ಸಿ ಭಾಷೆಯಲ್ಲಿ ವೈಡ್ ಸ್ಟ್ರಿಂಗ್ ಬದಲಾಯಿಸುವುದು: ಲೊಕೇಲ್, ಥ್ರೆಡ್, ಮತ್ತು ಬರದೇ ಹೋಗುವ ಸೊನ್ನೆ ಬೈಟ್

ವೈಡ್ ಸ್ಟ್ರಿಂಗ್ ಒಂದನ್ನು, ಅಂದರೆ ಡಬ್ಲ್ಯು-ಚಾರ್ ಅನ್ನುವ ಅಗಲದ ಟೈಪ್‌ನ ಅಕ್ಷರಗಳ ಸಾಲನ್ನು, ಮಾಮೂಲಿ ಬೈಟ್ ಸ್ಟ್ರಿಂಗ್ ಮಾಡಬೇಕು. ಸಿ ಲೈಬ್ರರಿಯಲ್ಲಿ ಅದಕ್ಕೆಂದೇ ಡಬ್ಲ್ಯುಸಿಎಸ್-ಟು-ಎಂಬಿಎಸ್ ಅನ್ನುವ ಫಂಕ್ಷನ್ ಇದೆ. ಮೂರೇ ಆರ್ಗ್ಯುಮೆಂಟ್: ಎಲ್ಲಿಗೆ ಬರೆಯಬೇಕು, ಎಲ್ಲಿಂದ ಓದಬೇಕು, ಎಷ್ಟು ಬೈಟ್ ಜಾಗ ಇದೆ. ನೋಡಲು ಇಷ್ಟು ಸರಳ ಇರುವುದರಿಂದಲೇ ಇದರ ಮ್ಯಾನ್ ಪೇಜ್ ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. (ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆಯುತ್ತಿದ್ದೇನೆ. ಡಬ್ಲ್ಯುಸಿಎಸ್ ಅಂದರೆ ವೈಡ್ ಸ್ಟ್ರಿಂಗ್, ಎಂಬಿಎಸ್ ಅಂದರೆ ಮಲ್ಟಿಬೈಟ್ ಸ್ಟ್ರಿಂಗ್, ನಡುವೆ ‘ಆರ್’ ಬಂದರೆ ಅದು ರೀಸ್ಟಾರ್ಟಬಲ್, ಅಂದರೆ ನಿಂತಲ್ಲಿಂದ ಮುಂದುವರಿಸಬಹುದಾದ ಜಾತಿ. ಕೋಡ್‌ನಲ್ಲಿ ಟೈಪ್ ಮಾಡುವಾಗ ಇವುಗಳ ಹೈಫನ್ ಬಿಡಿ; ಎಲ್‌ಸಿ-ಸಿಟೈಪ್, ಸೈಜ್-ಟಿ, ಐಕಾನ್ವ್-ಓಪನ್ ಇಂಥ ಹೆಸರುಗಳಲ್ಲಿ ಹೈಫನ್ ಬದಲು ಅಂಡರ್‌ಸ್ಕೋರ್ ಹಾಕಿ.)

ಕಣ್ಣಿಗೆ ಕಾಣುವ ಆರ್ಗ್ಯುಮೆಂಟ್ ಮೂರು. ಕಾಣದ ನಾಲ್ಕನೆಯದು ಒಂದಿದೆ: ಆ ಕ್ಷಣದ ಲೊಕೇಲ್, ಅಂದರೆ ಭಾಷೆ, ಎನ್‌ಕೋಡಿಂಗ್, ನಂಬರ್ ಬರೆಯುವ ರೀತಿ ಇವನ್ನೆಲ್ಲ ಹೇಳುವ ಸೆಟ್ಟಿಂಗ್. ಯಾವ ಎನ್‌ಕೋಡಿಂಗ್‌ಗೆ ಬದಲಾಯಿಸಬೇಕು ಅಂತ ನೀವು ಎಲ್ಲೂ ಹೇಳಿಲ್ಲ ಅಲ್ವಾ? ಅದನ್ನು ಈ ಫಂಕ್ಷನ್ ಲೊಕೇಲ್‌ನ ಎಲ್‌ಸಿ-ಸಿಟೈಪ್ ಭಾಗದಿಂದ ತೆಗೆದುಕೊಳ್ಳುತ್ತದೆ. ಅದು ಮಾಮೂಲಿಯಾಗಿ ಇಡೀ ಪ್ರೋಸೆಸ್‌ಗೆ ಒಂದೇ ಇರುವ, ಯಾವ ಮೂಲೆಯ ಕೋಡ್ ಬೇಕಾದರೂ ಬದಲಿಸಬಹುದಾದ ಗ್ಲೋಬಲ್. ಮುಂದೆ ಬರುವ ತಾಪತ್ರಯಗಳಲ್ಲಿ ಬಹುಪಾಲು ಇದೊಂದರಿಂದಲೇ ಹುಟ್ಟುತ್ತವೆ. ಥ್ರೆಡ್ ವಿಷಯ ಆಮೇಲೆ. ಒಂದೇ ಥ್ರೆಡ್ ಇದ್ದರೂ ಎಷ್ಟು ಕಡೆ ಎಡವಬಹುದು ಅಂತ ಮೊದಲು ನೋಡೋಣ.

ಟರ್ಮಿನಲ್‌ನಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಓಡುವುದಿಲ್ಲ

ಪ್ರತಿಯೊಂದು ಸಿ ಪ್ರೋಗ್ರಾಂ ‘ಸಿ’ ಅನ್ನುವ ಲೊಕೇಲ್‌ನಲ್ಲೇ ಶುರುವಾಗುತ್ತದೆ. ಶೆಲ್‌ನಲ್ಲಿ ಭಾಷೆ-ಎನ್‌ಕೋಡಿಂಗ್ ಹೇಳುವ ಲ್ಯಾಂಗ್ ವೇರಿಯಬಲ್ ಏನೇ ಇರಲಿ, ಲೊಕೇಲ್ ಬದಲಿಸುವ ಸೆಟ್‌ಲೊಕೇಲ್ ಫಂಕ್ಷನ್ ಕರೆಯುವವರೆಗೆ ಅದನ್ನು ಯಾರೂ ಕೇಳುವುದಿಲ್ಲ. ಈ ಸ್ಥಿತಿಯಲ್ಲಿ ‘ಕನ್ನಡ’ ಅನ್ನುವ ವೈಡ್ ಸ್ಟ್ರಿಂಗ್ ಕೊಟ್ಟರೆ ಗ್ಲಿಬ್‌ಸಿ (ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿ) ಮೊದಲ ಅಕ್ಷರಕ್ಕೇ ಕೈ ಎತ್ತಿ -1 ವಾಪಸ್ ಕೊಡುತ್ತದೆ, ಎರರ್ ನಂಬರ್ ಇಡುವ ಎರ್‌ನೋದಲ್ಲಿ ಇಐಎಲ್‌ಸೆಕ್ (ಎನ್‌ಕೋಡಿಂಗ್ ತಪ್ಪು ಅನ್ನುವ ಕೋಡ್) ಇಡುತ್ತದೆ. ಇಂಗ್ಲಿಷ್ ಅಕ್ಷರ ಕೊಟ್ಟರೆ ಆರಾಮಾಗಿ ಓಡುತ್ತದೆ. ಹಾಗಾಗಿ ಇಂಗ್ಲಿಷ್ ಹೆಸರುಗಳಲ್ಲೇ ಟೆಸ್ಟ್ ಮಾಡಿದ ಕೋಡ್ ವರ್ಷಗಟ್ಟಲೆ ಸರಿಯಾಗಿದೆ ಅನ್ನಿಸಿಕೊಳ್ಳುತ್ತದೆ.

ಎಲ್ಲರೂ ಹೇಳುವ ಪರಿಹಾರ ಏನೆಂದರೆ, ಮೇನ್‌ನ ಮೊದಲ ಸಾಲಿನಲ್ಲಿ ಸೆಟ್‌ಲೊಕೇಲ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟು ಕರೆಯುವುದು. ಆಗ ಅದು ಎನ್ವಿರಾನ್‌ಮೆಂಟ್ ನೋಡಿ ಲೊಕೇಲ್ ಆರಿಸಿಕೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದು ಸರಿ. ಅದೇ ಬೈನರಿಯನ್ನು ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಓಡಿಸಿ, ಸಣ್ಣ ಡಾಕರ್ ಇಮೇಜ್‌ಗೆ ಹಾಕಿ, ಅಥವಾ ಸಿಸ್ಟಂಡಿ ಸರ್ವಿಸ್ ಮಾಡಿ. ಅಲ್ಲಿ ಲ್ಯಾಂಗ್ ಸೆಟ್ ಆಗಿರದೇ ಇರುವುದೇ ಜಾಸ್ತಿ, ಆಗ ಮತ್ತೆ ‘ಸಿ’ ಲೊಕೇಲ್‌ಗೇ ಬಂದು ನಿಲ್ಲುತ್ತೀರಿ. ಸೆಟ್ ಆಗಿದ್ದೂ ಆ ಲೊಕೇಲ್ ಇನ್‌ಸ್ಟಾಲ್ ಆಗಿರದಿದ್ದರೆ ಸೆಟ್‌ಲೊಕೇಲ್ ನಲ್ ಕೊಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಆ ನಲ್ ಅನ್ನು ಚೆಕ್ ಮಾಡುವ ಕೋಡ್ ಕಾಣಸಿಗುವುದು ಅಪರೂಪ. ಗ್ಲಿಬ್‌ಸಿಯ ಕರ್ನಾಟಕದ ಲೊಕೇಲ್, ಅಂದರೆ ಕೆಎನ್-ಐಎನ್, ಬರುವುದೇ ಯುಟಿಎಫ್-8ರಲ್ಲಿ, ಅಷ್ಟು ನೆಮ್ಮದಿ. ಆದರೆ ಸರ್ವರ್‌ನಲ್ಲಿ ಅದು ಇದ್ದೇ ಇರುತ್ತದೆ ಅಂತ ನಂಬಬೇಡಿ. ಹೆಸರು ಹೇಳಲೇಬೇಕಿದ್ದರೆ ‘ಸಿ ಡಾಟ್ ಯುಟಿಎಫ್-8’ ಹೇಳಿ. ಗ್ಲಿಬ್‌ಸಿ 2.35ರಿಂದ, ಅಂದರೆ 2022ರಿಂದ, ಅದು ಗ್ಲಿಬ್‌ಸಿಯ ಜೊತೆಗೇ ಬರುತ್ತದೆ. ಡೆಬಿಯನ್ ಅದಕ್ಕಿಂತ ಮೊದಲೇ ಸೇರಿಸಿತ್ತು.

ಇನ್ನೊಂದು ಮಾತು. ಸೆಟ್‌ಲೊಕೇಲ್ ಕರೆಯುವಾಗ ಎಲ್‌ಸಿ-ಆಲ್ ಹಾಕಬೇಡಿ, ಎಲ್‌ಸಿ-ಸಿಟೈಪ್ ಮಾತ್ರ ಹಾಕಿ. ಎಲ್‌ಸಿ-ಆಲ್ ಹಾಕಿದರೆ ನಂಬರ್ ಬರೆಯುವ ರೀತಿಯೂ ಬದಲಾಗುತ್ತದೆ. ಜರ್ಮನ್ ಲೊಕೇಲ್ ಇಟ್ಟುಕೊಂಡ ಗ್ರಾಹಕರ ಮಷೀನ್‌ನಲ್ಲಿ ನಿಮ್ಮ ಪ್ರಿಂಟ್‌ಎಫ್ 3.5 ಬದಲು 3,5 ಬರೆದು, ಸಿಎಸ್‌ವಿ ಫೈಲ್‌ನಲ್ಲಿ ಒಂದು ಕಾಲಂ ಎರಡಾಗಿ ಕೂರುತ್ತದೆ. ಸ್ಟ್ರಿಂಗ್ ಬದಲಾಯಿಸಲು ಹೋಗಿ ಲೆಕ್ಕ ಕೆಡಿಸಿಕೊಂಡ ಹಾಗೆ.

ಪ್ರಿಂಟ್‌ಎಫ್ ಬಗ್ಗೆ ಹೇಳಿದ ಮೇಲೆ ಇದನ್ನೂ ಹೇಳಬೇಕು. ಪರ್ಸೆಂಟ್ ಎಲ್‌ಎಸ್ ಹಾಕಿ ವೈಡ್ ಸ್ಟ್ರಿಂಗ್ ಪ್ರಿಂಟ್ ಮಾಡಿದರೆ ಒಳಗೆ ನಡೆಯುವುದೂ ಇದೇ ಕನ್ವರ್ಷನ್. ಬದಲಾಯಿಸಲಾಗದ ಅಕ್ಷರ ಸಿಕ್ಕರೆ ಪ್ರಿಂಟ್‌ಎಫ್ -1 ಕೊಡುತ್ತದೆ. ಪ್ರಿಂಟ್‌ಎಫ್‌ನ ರಿಟರ್ನ್ ವ್ಯಾಲ್ಯೂ ಯಾರು ನೋಡುತ್ತಾರೆ? ಲಾಗ್‌ನಲ್ಲಿ ಆ ಸಾಲು ಅರ್ಧಕ್ಕೇ ನಿಂತಿರುತ್ತದೆ, ಎರರ್ ಅಂತ ಎಲ್ಲೂ ಬಂದಿರುವುದಿಲ್ಲ, ನೀವು ಬೇರೆ ಎಲ್ಲೋ ಹುಡುಕುತ್ತಾ ಇರುತ್ತೀರಿ.

ಒಂದು ಅಕ್ಷರ, ಎಷ್ಟು ಬೈಟ್?

‘ಕನ್ನಡ’ ಅನ್ನುವುದನ್ನೇ ತೆಗೆದುಕೊಳ್ಳಿ. ಓದುವವರಿಗೆ ಮೂರು ಅಕ್ಷರ. ಯೂನಿಕೋಡ್‌ಗೆ ಐದು ಕೋಡ್‌ಪಾಯಿಂಟ್, ಅಂದರೆ ಅದು ಕೊಟ್ಟಿರುವ ಐದು ಸಂಖ್ಯೆ: ಕ, ನ, ವಿರಾಮ (‘ನ್’ ಮಾಡುವ ಚಿಹ್ನೆ), ನ, ಡ. ಕನ್ನಡದ ಬ್ಲಾಕ್ ದಶಮಾನದಲ್ಲಿ 3200ರಿಂದ 3327ರವರೆಗೆ ಇದೆ. ಅಲ್ಲಿರುವ ಪ್ರತಿಯೊಂದಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಹಾಗಾಗಿ ‘ಕನ್ನಡ’ಕ್ಕೆ 15 ಬೈಟ್, ಕೊನೆಯ ಸೊನ್ನೆ ಸೇರಿ 16. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಡಬ್ಲ್ಯು-ಚಾರ್ 4 ಬೈಟ್, ಅಲ್ಲಿ ಇದೇ ಸ್ಟ್ರಿಂಗ್ ಸೊನ್ನೆ ಬಿಟ್ಟು 20 ಬೈಟ್. ವಿಂಡೋಸ್‌ನಲ್ಲಿ ಡಬ್ಲ್ಯು-ಚಾರ್ 2 ಬೈಟ್, ಅಲ್ಲಿ 10.

ಈ ವ್ಯತ್ಯಾಸದಿಂದ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಡಬ್ಲ್ಯು-ಚಾರ್ ಸ್ಟ್ರಿಂಗ್ ಅನ್ನು ಹಾಗೇ ಫೈಲ್‌ಗೋ ಸಾಕೆಟ್‌ಗೋ ಬರೆಯುವುದು. ಲಿನಕ್ಸ್‌ನಲ್ಲಿ ಬರೆದದ್ದು ವಿಂಡೋಸ್‌ನಲ್ಲಿ ಓದಲು ಬರುವುದಿಲ್ಲ, ಇದು ಬೇಗ ಗೊತ್ತಾಗುತ್ತದೆ. ಎರಡನೆಯದು ಬೇಗ ಗೊತ್ತಾಗುವುದಿಲ್ಲ. ವಿಂಡೋಸ್‌ನ 2 ಬೈಟ್‌ನಲ್ಲಿ 65535ರ ಆಚೆಯ ಕೋಡ್‌ಪಾಯಿಂಟ್ ಹಿಡಿಸುವುದಿಲ್ಲ, ಅದಕ್ಕೆ ಸರೊಗೇಟ್ ಅನ್ನುವ ಎರಡು ತುಂಡು ಬೇಕು. ಕನ್ನಡ ಲಿಪಿ 65535ರ ಒಳಗೇ ಇದೆ, ಹಾಗಾಗಿ ನಮಗೇನು ಅಂತ ಅಂದುಕೊಳ್ಳಬಹುದು. ಎಮೋಜಿ ಹಾಕದವರು ಈಗ ಯಾರಿದ್ದಾರೆ? ಅದೂ ಬೇಡ, 2024ರ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಬಂತು, ಅದರ ಬ್ಲಾಕ್ ಶುರುವಾಗುವುದೇ 70528ರಿಂದ. ತುಳು ಹಸ್ತಪ್ರತಿ ಡಿಜಿಟಲ್ ಮಾಡುವವರ ಸಾಫ್ಟ್‌ವೇರ್‌ನಲ್ಲಿ ಪ್ರತಿ ಅಕ್ಷರವೂ ವಿಂಡೋಸ್‌ನಲ್ಲಿ ಸರೊಗೇಟ್ ಜೋಡಿ, ಯುಟಿಎಫ್-8ರಲ್ಲಿ 4 ಬೈಟ್. ‘ಒಂದು ಡಬ್ಲ್ಯು-ಚಾರ್ ಅಂದರೆ ಒಂದು ಕೋಡ್‌ಪಾಯಿಂಟ್’ ಅಂತ ಲೂಪ್ ಬರೆದಿದ್ದರೆ ಅಲ್ಲಿ ಮುರಿಯುತ್ತದೆ.

ಸುಮ್ನೆ ಒಂದು ಎಚ್ಚರಿಕೆ: ಕನ್ನಡದ ‘ಕೋ’ ಎರಡು ಕೋಡ್‌ಪಾಯಿಂಟ್‌ನಲ್ಲೂ ಬರಬಹುದು, ಬಿಡಿಸಿ ಬರೆದರೆ ನಾಲ್ಕರಲ್ಲೂ ಬರಬಹುದು. ಅಂದರೆ ಒಮ್ಮೆ 6 ಬೈಟ್, ಇನ್ನೊಮ್ಮೆ 12. ಸ್ಕ್ರೀನ್‌ನಲ್ಲಿ ಎರಡೂ ಒಂದೇ. ಈ ಕನ್ವರ್ಷನ್ ಫಂಕ್ಷನ್‌ಗಳು ಅದನ್ನು ಒಂದು ಮಾಡಿ ಕೊಡುವುದಿಲ್ಲ, ಬಂದದ್ದನ್ನು ಹಾಗೇ ಸಾಗಿಸುತ್ತವೆ. ಅಕ್ಷರ ಎಣಿಸಿ ಬಫರ್ ಅಳತೆ ಊಹಿಸಬೇಡಿ.

ವಾಪಸ್ ಬಂದ ನಂಬರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಕನ್ನಡದ ಡೇಟಾ ಬಂದಾಗ ಮಾತ್ರ ಬೀಳುವ ಗುಂಡಿ ಇರುವುದು ಇಲ್ಲೇ.

ಮೊದಲು ಆ -1. ರಿಟರ್ನ್ ಟೈಪ್ ಸೈಜ್-ಟಿ, ಅದು ಅನ್‌ಸೈನ್ಡ್. ಹಾಗಾಗಿ ‘ಸೊನ್ನೆಗಿಂತ ಕಡಿಮೆಯೇ’ ಅಂತ ಕೇಳಿದರೆ ಉತ್ತರ ಯಾವಾಗಲೂ ಇಲ್ಲ. -1 ಅನ್ನು ಸೈಜ್-ಟಿಗೆ ಕಾಸ್ಟ್ ಮಾಡಿ ಹೋಲಿಸಬೇಕು. ಹೋಲಿಸದಿದ್ದರೆ ಏನಾಗುತ್ತದೆ? ಎರಡು ಸುತ್ತಿನ ಪದ್ಧತಿ ಗೊತ್ತಲ್ಲ: ಮೊದಲ ಸುತ್ತಿನಲ್ಲಿ ನಲ್ ಕೊಟ್ಟು ಅಳತೆ ಕೇಳುವುದು, ಅದಕ್ಕೆ ಒಂದು ಸೇರಿಸಿ ಮ್ಯಾಲಕ್, ಎರಡನೇ ಸುತ್ತಿನಲ್ಲಿ ಬರೆಯುವುದು. ಮೊದಲ ಸುತ್ತು ಸೋತು -1 ಬಂತು ಅನ್ನಿ. ಅದಕ್ಕೆ ಒಂದು ಸೇರಿಸಿದರೆ ಸೊನ್ನೆ. ಮ್ಯಾಲಕ್ ಸೊನ್ನೆ ನಲ್ ಕೊಡದೇ ಯಾವುದೋ ಒಂದು ಪಾಯಿಂಟರ್ ಕೊಡಬಹುದು, ಗ್ಲಿಬ್‌ಸಿ ಹಾಗೇ ಮಾಡುತ್ತದೆ. ‘ಮ್ಯಾಲಕ್ ಗೆದ್ದಿತು’ ಅಂತ ನಿಮ್ಮ ಕೋಡ್ ಮುಂದೆ ಹೋಗಿ, ಇಲ್ಲದ ಜಾಗಕ್ಕೆ ಬರೆಯುತ್ತದೆ. ಒಂದು ಎನ್‌ಕೋಡಿಂಗ್ ಎರರ್ ಹೀಪ್ ಕರಪ್ಷನ್ ಆಗಿ ಬಡ್ತಿ ಪಡೆಯುವುದು ಹೀಗೆ.

ಈಗ ಸೊನ್ನೆ ಬೈಟ್‌ನ ಕಥೆ. ಬಹಳ ಕಡೆ ಹೀಗೆ ಬರೆದಿರುತ್ತಾರೆ: ವಾಪಸ್ ಬಂದ ಸಂಖ್ಯೆ ಬಫರ್ ಅಳತೆಗೆ ಸಮ ಇದ್ದರೆ ಕೊನೆಯ ಸೊನ್ನೆ ಬಿದ್ದಿಲ್ಲ, ಆದ್ದರಿಂದ ಕೊನೆಯ ಜಾಗಕ್ಕೆ ನಾವೇ ಸೊನ್ನೆ ಹಾಕೋಣ, ಕಡಿಮೆ ಇದ್ದರೆ ಎಲ್ಲ ಸರಿ. ಇಂಗ್ಲಿಷ್‌ಗೆ ಇದು ಸರಿ. ಸ್ಟ್ಯಾಂಡರ್ಡ್‌ನ ಅಡಿಟಿಪ್ಪಣಿಯೂ ಸಮ ಇರುವ ಸಂದರ್ಭವನ್ನಷ್ಟೇ ಹೇಳುತ್ತದೆ, ಹಾಗಾಗಿ ಬರೆದವರನ್ನು ಬೈಯುವಂತೆಯೂ ಇಲ್ಲ.

10 ಬೈಟ್ ಬಫರ್ ತೆಗೆದುಕೊಂಡು ‘ಕನ್ನಡ’ ಹಾಕಿ ನೋಡಿ. ಕ ಬಂತು, 3 ಬೈಟ್. ನ ಬಂತು, 6. ವಿರಾಮ ಬಂತು, 9. ಮುಂದಿನ ನ-ಗೆ 3 ಬೈಟ್ ಬೇಕು, ಉಳಿದಿರುವುದು 1. ಈ ಫಂಕ್ಷನ್ ಅಕ್ಷರವನ್ನು ಅರ್ಧಕ್ಕೆ ಕತ್ತರಿಸುವುದಿಲ್ಲ, ಅದು ಅದರ ಒಳ್ಳೆಯ ಗುಣ. ಅಲ್ಲೇ ನಿಂತು 9 ಅಂತ ವಾಪಸ್ ಕೊಡುತ್ತದೆ. ಸೊನ್ನೆ ಬರೆಯುವುದಿಲ್ಲ! 9 ಅನ್ನುವುದು 10ಕ್ಕಿಂತ ಕಡಿಮೆ, ಆದ್ದರಿಂದ ನಿಮ್ಮ ಚೆಕ್ ‘ಎಲ್ಲ ಸರಿ’ ಅನ್ನುತ್ತದೆ. ಹತ್ತನೇ ಬೈಟ್‌ನಲ್ಲಿ ಹಳೆಯ ಕಸ ಏನಿದೆಯೋ ಅದೇ ಇರುತ್ತದೆ, ಆಮೇಲೆ ಸ್ಟ್ರ್‌ಲೆನ್ ಬಫರ್ ದಾಟಿ ಓದಿಕೊಂಡು ಹೋಗುತ್ತದೆ. ಒಂದು ಅಕ್ಷರಕ್ಕೆ ಒಂದೇ ಬೈಟ್ ಇರುವ ಭಾಷೆಯಲ್ಲಿ ಈ ಸಂದರ್ಭ ಹುಟ್ಟುವುದೇ ಇಲ್ಲ, ಹಾಗಾಗಿ ಟೆಸ್ಟ್‌ನಲ್ಲಿ ಸಿಗುವುದೂ ಇಲ್ಲ.

ಸರಿಯಾದ ಕ್ರಮ ಚಿಕ್ಕದು. ಬಫರ್ ಅಳತೆಗಿಂತ ಒಂದು ಕಡಿಮೆ ಹೇಳಿ. ವಾಪಸ್ ಬಂದದ್ದು -1 ಅಲ್ಲ ಅಂತ ಖಚಿತ ಮಾಡಿಕೊಂಡು, ಬಂದ ಸಂಖ್ಯೆಯ ಜಾಗಕ್ಕೆ ನೀವೇ ಸೊನ್ನೆ ಬರೆಯಿರಿ. ಯಾವಾಗಲೂ ಬರೆಯಿರಿ, ಷರತ್ತು ಹಾಕಬೇಡಿ.

ಪೂರ್ತಿ ಬದಲಾಯಿತೋ ಅರ್ಧಕ್ಕೆ ನಿಂತಿತೋ ತಿಳಿಯಬೇಕಿದ್ದರೆ ಆರ್ ಇರುವ ಜಾತಿ, ಡಬ್ಲ್ಯುಸಿಎಸ್-ಆರ್-ಟು-ಎಂಬಿಎಸ್, ಬಳಸಿ. ಅದು ಮೂಲ ಸ್ಟ್ರಿಂಗ್‌ನ ಪಾಯಿಂಟರ್‌ಗೆ ಪಾಯಿಂಟರ್ ಕೇಳುತ್ತದೆ. ಪೂರ್ತಿ ಮುಗಿದರೆ ಅದನ್ನು ನಲ್ ಮಾಡುತ್ತದೆ. ಜಾಗ ಸಾಲದೆ ನಿಂತರೆ ಎಲ್ಲಿ ನಿಂತಿತೋ ಅಲ್ಲಿಗೆ ತೋರಿಸುತ್ತದೆ, ಎರರ್ ಆದರೆ ತಪ್ಪಿರುವ ಅಕ್ಷರಕ್ಕೇ ಬೆರಳಿಡುತ್ತದೆ. ಬಹಳ ಉಪಯೋಗದ ಗುಣ. ಆದರೆ ನಿಮ್ಮ ಅಸಲಿ ಪಾಯಿಂಟರ್ ಕೊಟ್ಟುಬಿಟ್ಟರೆ ಅದು ನಲ್ ಆಗಿ, ಆಮೇಲೆ ಫ್ರೀ ಮಾಡಲು ಏನೂ ಉಳಿಯುವುದಿಲ್ಲ. ಒಂದು ನಕಲು ಮಾಡಿ ಅದನ್ನು ಕೊಡಿ.

ಅಂದ ಹಾಗೆ, ಕೋಡ್‌ಪಾಯಿಂಟ್ ತುಂಡಾಗಲಿಲ್ಲ ಅಂದ ಮಾತ್ರಕ್ಕೆ ಕನ್ನಡ ತುಂಡಾಗಲಿಲ್ಲ ಅಂತಲ್ಲ. ಮೇಲಿನ ಉದಾಹರಣೆಯಲ್ಲಿ ಉಳಿದದ್ದು ‘ಕನ್’. ಒತ್ತಕ್ಷರ ಹೋಯಿತು. ಹೆಸರು, ವಿಳಾಸ ಇಂಥವನ್ನು ಜಾಗಕ್ಕೆ ತಕ್ಕಂತೆ ಮೊಟಕು ಮಾಡುವ ಕೆಲಸವನ್ನು ಈ ಫಂಕ್ಷನ್‌ಗೆ ವಹಿಸಬೇಡಿ. ಅದಕ್ಕೆ ಐಸಿಯು ಅನ್ನುವ ಯೂನಿಕೋಡ್ ಲೈಬ್ರರಿಯಂಥದ್ದು ಬೇಕು.

ಈಗ ಥ್ರೆಡ್‌ಗಳು

ಅಡಗಿರುವ ಸ್ಥಿತಿ ಎರಡು ಕಡೆ ಇದೆ. ಒಂದು ಲೊಕೇಲ್, ಇನ್ನೊಂದು ಕನ್ವರ್ಷನ್‌ನ ಮಧ್ಯದ ಸ್ಥಿತಿ. ಜನ ಎರಡನ್ನೂ ಕಲಸಿಬಿಡುತ್ತಾರೆ, ಬೇರೆ ಬೇರೆ ಇಟ್ಟು ನೋಡಿ.

ಲೊಕೇಲ್‌ನದ್ದು ಹೀಗೆ. ಡಬ್ಲ್ಯುಸಿಎಸ್-ಟು-ಎಂಬಿಎಸ್ ಗ್ಲಿಬ್‌ಸಿಯಲ್ಲಿ ಎಂಟಿ-ಸೇಫ್ ಅಂತ ಮ್ಯಾನ್ ಪೇಜ್ ಹೇಳುತ್ತದೆ. ಯುನಿಕ್ಸ್ ಜಾತಿಯ ವ್ಯವಸ್ಥೆಗಳ ಸ್ಟ್ಯಾಂಡರ್ಡ್ ಆದ ಪೊಸಿಕ್ಸ್ 2008 ಅಷ್ಟು ಭರವಸೆ ಕೊಡುವುದಿಲ್ಲ, ಥ್ರೆಡ್-ಸೇಫ್ ಆಗಿರಲೇಬೇಕಿಲ್ಲ ಅನ್ನುವ ಪಟ್ಟಿಯಲ್ಲೇ ಇದರ ಹೆಸರಿದೆ. ಹಾಗಾಗಿ ಗ್ಲಿಬ್‌ಸಿಯಲ್ಲಿ ಸರಿ ಇರುವುದು ಎಲ್ಲ ಕಡೆ ಸರಿ ಇರುತ್ತದೆ ಅಂತ ಲೆಕ್ಕ ಹಾಕಬೇಡಿ. ಮತ್ತೆ, ಎಂಟಿ-ಸೇಫ್ ಅಂದರೆ ಎರಡು ಥ್ರೆಡ್ ಒಟ್ಟಿಗೆ ಕರೆದರೆ ತೊಂದರೆ ಇಲ್ಲ ಅಂತಷ್ಟೇ. ಪಕ್ಕದ ಥ್ರೆಡ್ ಅದೇ ಹೊತ್ತಿಗೆ ಸೆಟ್‌ಲೊಕೇಲ್ ಕರೆದರೆ ಆ ಮಾತು ನಿಲ್ಲುವುದಿಲ್ಲ. ಸೆಟ್‌ಲೊಕೇಲ್ ಅನ್ನು ಗ್ಲಿಬ್‌ಸಿ ಎಂಟಿ-ಅನ್‌ಸೇಫ್ ಅಂತಲೇ ಗುರುತು ಹಾಕಿದೆ.

‘ನಾನು ಮೇನ್‌ನಲ್ಲಿ ಒಂದೇ ಸಲ ಕರೆದಿದ್ದೇನೆ’ ಅಂತ ನೀವು ಹೇಳಬಹುದು. ನಿಮ್ಮ ಕೋಡ್ ಹಾಗಿರಬಹುದು, ನೀವು ಲಿಂಕ್ ಮಾಡಿರುವ ಲೈಬ್ರರಿ? ನಂಬರ್ ಪಾರ್ಸ್ ಮಾಡುವಾಗ ಕಾಮಾ-ಚುಕ್ಕಿ ತಕರಾರು ಬೇಡ ಅಂತ ಒಂದು ಕ್ಷಣ ಸೆಟ್‌ಲೊಕೇಲ್‌ನಿಂದ ‘ಸಿ’ಗೆ ಬದಲಿಸಿ, ಕೆಲಸ ಮುಗಿಸಿ, ಹಳೆಯದಕ್ಕೆ ವಾಪಸ್ ತರುವ ಚಾಳಿ ತುಂಬಾ ಹಳೆಯದು. ಆ ಒಂದು ಕ್ಷಣದಲ್ಲಿ ನಿಮ್ಮ ಥ್ರೆಡ್ ಎರಡು ಸುತ್ತಿನ ನಡುವೆ ಇತ್ತು ಅನ್ನಿ. ಮೊದಲ ಸುತ್ತಿನಲ್ಲಿ 15 ಅಂತ ಅಳತೆ ಬಂತು. ಪಕ್ಕದವರು ಲೊಕೇಲ್ ಬದಲಿಸಿದರು. ಎರಡನೇ ಸುತ್ತು -1. ಅಳತೆ ಸರಿ ಬಂದಿತ್ತಲ್ಲ ಅಂತ ಎರಡನೇ ಸುತ್ತಿನ ರಿಟರ್ನ್ ನೋಡದೇ ಬಿಟ್ಟಿದ್ದರೆ, ಬಫರ್‌ನಲ್ಲಿ ಏನಿದೆಯೋ ಅದೇ ಡೇಟಾಬೇಸ್‌ಗೆ ಹೋಗುತ್ತದೆ. ವಾಪಸ್ ತರುವುದರಲ್ಲೂ ಎಡವುತ್ತಾರೆ: ಹಳೆಯ ಲೊಕೇಲ್ ಹೆಸರು ಕೇಳಿದಾಗ ಸೆಟ್‌ಲೊಕೇಲ್ ಕೊಡುವ ಪಾಯಿಂಟರ್ ಅದರದೇ ಒಳಗಿನ ಜಾಗ, ಮುಂದಿನ ಕರೆಯಲ್ಲಿ ಅದು ಅಳಿಸಿ ಹೋಗಬಹುದು, ಸ್ಟ್ರ್‌ಡಪ್ ಮಾಡಿಟ್ಟುಕೊಳ್ಳಬೇಕು.

ಮ್ಯೂಟೆಕ್ಸ್, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಒಳಗೆ ಬಿಡುವ ಬೀಗ, ಹಾಕಿದರೆ? ನಿಮ್ಮ ಮ್ಯೂಟೆಕ್ಸ್ ನಿಮ್ಮ ಕೋಡ್‌ಗೆ ಗೊತ್ತು, ಆ ಲೈಬ್ರರಿಗೆ ಗೊತ್ತಿಲ್ಲ. ಹಾಕಿ ಪ್ರಯೋಜನ ಇಲ್ಲ.

ಇನ್ನು ಮಧ್ಯದ ಸ್ಥಿತಿ. ಒಂದೊಂದೇ ಅಕ್ಷರ ಬದಲಾಯಿಸುವ ಹಳೆಯ ಡಬ್ಲ್ಯುಸಿ-ಟು-ಎಂಬಿ ಮತ್ತು ಎಂಬಿ-ಟು-ಡಬ್ಲ್ಯುಸಿ ಫಂಕ್ಷನ್‌ಗಳು ತಮ್ಮೊಳಗೆ ಒಂದು ಸ್ಟ್ಯಾಟಿಕ್ ವೇರಿಯಬಲ್ ಇಟ್ಟುಕೊಂಡಿರುತ್ತವೆ. ಥ್ರೆಡ್ ಇರುವ ಕೋಡ್‌ನಲ್ಲಿ ಅವುಗಳ ತಂಟೆಗೇ ಹೋಗಬೇಡಿ. ಆರ್ ಇರುವವು ಎಂಬಿಸ್ಟೇಟ್ ಅನ್ನುವ ಸ್ಥಿತಿಯನ್ನು ನಿಮ್ಮಿಂದ ಕೇಳುತ್ತವೆ. ಆದರೆ ಅಲ್ಲಿ ನಲ್ ಕೊಟ್ಟರೆ ಅವೂ ಒಳಗಿನ ಸ್ಟ್ಯಾಟಿಕ್ ಒಂದನ್ನೇ ಬಳಸುತ್ತವೆ. ‘ಆರ್ ಇರುವುದನ್ನೇ ಬಳಸಿದ್ದೇನೆ, ಹಾಗಾಗಿ ಸೇಫ್’ ಅಂತ ಹೇಳುವ ಕೋಡ್‌ನಲ್ಲಿ ಕೊನೆಯ ಆರ್ಗ್ಯುಮೆಂಟ್ ನಲ್ ಇರುವುದು ಮಾಮೂಲು.

ನಿಜ ಹೇಳಬೇಕೆಂದರೆ, ಗುರಿ ಯುಟಿಎಫ್-8 ಆಗಿದ್ದು ಡಬ್ಲ್ಯು-ಚಾರ್ 4 ಬೈಟ್ ಇದ್ದರೆ ವೈಡ್‌ನಿಂದ ಬೈಟ್‌ಗೆ ಹೋಗುವ ದಾರಿಯಲ್ಲಿ ನೆನಪಿಡಬೇಕಾದ ಸ್ಥಿತಿ ಏನೂ ಇರುವುದಿಲ್ಲ, ಆ ರೇಸ್ ಅನ್ನು (ಎರಡು ಥ್ರೆಡ್ ಒಂದೇ ಜಾಗಕ್ಕೆ ಒಟ್ಟಿಗೆ ಕೈ ಹಾಕಿ ಕೆಡಿಸುವುದನ್ನು) ನೀವು ಕಣ್ಣಾರೆ ನೋಡದೇ ಇರಬಹುದು. ವಾಪಸ್ ಬರುವ ದಾರಿಯಲ್ಲಿ ಖಂಡಿತ ನೋಡುತ್ತೀರಿ. ಸಾಕೆಟ್‌ನಿಂದ ಓದುತ್ತಿರುವ ಒಂದು ಥ್ರೆಡ್‌ಗೆ ‘ಕ’ ಅಕ್ಷರದ ಮೊದಲ ಎರಡು ಬೈಟ್ 224, 178 ಬಂದವು, ಮೂರನೆಯ 149 ಇನ್ನೂ ದಾರಿಯಲ್ಲಿದೆ. ಎಂಬಿ-ಆರ್-ಟು-ಡಬ್ಲ್ಯುಸಿ ಆ ಎರಡನ್ನು ನುಂಗಿ, ‘ಇನ್ನೂ ಬೇಕು’ ಅನ್ನುವ ಅರ್ಥದಲ್ಲಿ -2 ಕೊಡುತ್ತದೆ. ನುಂಗಿದ್ದು ಎಲ್ಲಿದೆ? ನಲ್ ಕೊಟ್ಟಿದ್ದರೆ, ಎಲ್ಲರಿಗೂ ಸೇರಿದ ಆ ಸ್ಟ್ಯಾಟಿಕ್‌ನಲ್ಲಿ. ಈಗ ಇನ್ನೊಂದು ಥ್ರೆಡ್ 65 ಅನ್ನುವ ಬೈಟ್, ಅಂದರೆ ಇಂಗ್ಲಿಷಿನ ದೊಡ್ಡ ಎ ಅಕ್ಷರ, ತಂದು ಕೊಡುತ್ತದೆ. 224, 178ರ ಮುಂದೆ 65 ಬರುವಂತಿಲ್ಲ. ಆ ಥ್ರೆಡ್‌ಗೆ -1. ಅಪ್ಪಟ ಇಂಗ್ಲಿಷ್ ಇನ್‌ಪುಟ್‌ಗೆ ಇಐಎಲ್‌ಸೆಕ್! ಹೀಗೆ ಎರರ್ ಆದ ಮೇಲೆ ಸ್ಥಿತಿ ಏನಾಗಿರುತ್ತದೆ ಅಂತ ಸ್ಟ್ಯಾಂಡರ್ಡ್ ಹೇಳುವುದಿಲ್ಲ, ಮೊದಲ ಥ್ರೆಡ್ 149 ತಂದಾಗ ಅದರ ಪಾಡೂ ಅಷ್ಟೇ. ಬಗ್ ರಿಪೋರ್ಟ್‌ನಲ್ಲಿ ಇರುವುದು ತಪ್ಪೇ ಮಾಡದ ಥ್ರೆಡ್‌ನ ಹೆಸರು.

ಮದ್ದು ಸುಲಭ. ಪ್ರತಿ ಸ್ಟ್ರೀಮ್‌ಗೆ ಒಂದು ಎಂಬಿಸ್ಟೇಟ್ ಇಡಿ. ಥ್ರೆಡ್‌ಗೆ ಒಂದಲ್ಲ, ಸ್ಟ್ರೀಮ್‌ಗೆ ಒಂದು, ಏಕೆಂದರೆ ಒಂದೇ ಥ್ರೆಡ್ ಹತ್ತು ಸಾಕೆಟ್ ನೋಡುತ್ತಿರಬಹುದು. ಶುರುವಿನಲ್ಲಿ ಮೆಮ್‌ಸೆಟ್‌ನಿಂದ ಸೊನ್ನೆ ಮಾಡಿ, ಎರರ್ ಆದಾಗಲೂ ಮತ್ತೆ ಸೊನ್ನೆ ಮಾಡಿ.

ಹಾಗಾದರೆ ಏನು ಬಳಸಬೇಕು

ನಿಮ್ಮ ಗುರಿ ಯಾವಾಗಲೂ ಯುಟಿಎಫ್-8 ಆಗಿದ್ದರೆ, ಈಗ ಹತ್ತರಲ್ಲಿ ಒಂಬತ್ತು ಪ್ರಾಜೆಕ್ಟ್ ಹಾಗೇ, ನನ್ನ ಸಲಹೆ ಒಂದೇ: ಲೈಬ್ರರಿ ಫಂಕ್ಷನ್ ಬಿಡಿ, ಸ್ವಂತ ಎನ್‌ಕೋಡರ್ ಬರೆಯಿರಿ. ಇಪ್ಪತ್ತು-ಮೂವತ್ತು ಸಾಲು. ಲೊಕೇಲ್ ಇಲ್ಲ, ಸ್ಟ್ಯಾಟಿಕ್ ಇಲ್ಲ, ಹಾಗಾಗಿ ಥ್ರೆಡ್ ಪ್ರಶ್ನೆಯೇ ಇಲ್ಲ. ‘ಚಕ್ರವನ್ನು ಮತ್ತೆ ಯಾಕೆ ಮಾಡುತ್ತೀರಿ’ ಅಂತ ರಿವ್ಯೂನಲ್ಲಿ ಕೇಳುವವರು ಇದ್ದೇ ಇರುತ್ತಾರೆ, ಮೇಲಿನದನ್ನೆಲ್ಲ ಅವರಿಗೆ ಓದಿಸಿ.

ಲೆಕ್ಕ ಇಷ್ಟೇ. ಕೋಡ್‌ಪಾಯಿಂಟ್ 128ಕ್ಕಿಂತ ಕಡಿಮೆ ಇದ್ದರೆ 1 ಬೈಟ್, ಹಾಗೇ ಬರೆಯಿರಿ. 2048ಕ್ಕಿಂತ ಕಡಿಮೆ ಇದ್ದರೆ 2, 65536ಕ್ಕಿಂತ ಕಡಿಮೆ ಇದ್ದರೆ 3, 1114111ರವರೆಗೆ 4, ಅದರ ಆಚೆ ಎರರ್. ಬಹುಬೈಟ್ ಅಕ್ಷರದ ಮೊದಲ ಬೈಟ್ ಕ್ರಮವಾಗಿ 192, 224, 240ರಿಂದ ಶುರು, ಮುಂದಿನ ಪ್ರತಿ ಬೈಟ್ 128ಕ್ಕೆ 6 ಬಿಟ್ ಸೇರಿಸಿದ್ದು. ‘ಕ’ ಅಂದರೆ 3221. 4096ರಿಂದ ಭಾಗಿಸಿದರೆ 0, ಆದ್ದರಿಂದ ಮೊದಲ ಬೈಟ್ 224. 64ರಿಂದ ಭಾಗಿಸಿದರೆ 50, ಎರಡನೆಯದು 178. ಉಳಿದ ಶೇಷ 21, ಮೂರನೆಯದು 149. ಸಾಕೆಟ್‌ನ ಉದಾಹರಣೆಯಲ್ಲಿ ಬಂದ ಮೂರು ಬೈಟ್ ಇವೇ.

ಇದನ್ನು ಬರೆಯುವಾಗ ಮರೆಯುವ ಮೂರು ಸಂಗತಿ ಇವೆ. 55296ರಿಂದ 57343ರವರೆಗಿನ ಸಂಖ್ಯೆಗಳು ಸರೊಗೇಟ್‌ಗೆ ಮೀಸಲು, ಅವು ಒಂಟಿಯಾಗಿ ಬಂದರೆ ಎರರ್ ಕೊಡಬೇಕು, ಸುಮ್ಮನೆ 3 ಬೈಟ್ ಮಾಡಿ ತಳ್ಳಬಾರದು. ವಿಂಡೋಸ್‌ನಲ್ಲಿ ಜೋಡಿಯಾಗಿ ಬಂದರೆ ಸೇರಿಸಬೇಕು: ಮೊದಲ ತುಂಡಿನಿಂದ 55296 ಕಳೆದು 1024ರಿಂದ ಗುಣಿಸಿ, ಎರಡನೇ ತುಂಡಿನಿಂದ 56320 ಕಳೆದು ಕೂಡಿ, 65536 ಸೇರಿಸಿ. ಮೂರನೆಯದು ತೀರಾ ಸಣ್ಣದು, ಆದರೆ ಕಚ್ಚುತ್ತದೆ: ಇಂಟೆಲ್ ಲಿನಕ್ಸ್‌ನಲ್ಲಿ ಡಬ್ಲ್ಯು-ಚಾರ್ ಸೈನ್ಡ್, ಆರ್ಮ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. ಕೆಟ್ಟ ಡೇಟಾದಲ್ಲಿ ನೆಗೆಟಿವ್ ಸಂಖ್ಯೆ ಬಂದರೆ ಅದು 128ಕ್ಕಿಂತ ಕಡಿಮೆಯೇ ತಾನೇ? ಇಂಗ್ಲಿಷ್ ಅಕ್ಷರ ಅಂತ ಒಳಗೆ ನುಗ್ಗುತ್ತದೆ. ಹೋಲಿಸುವ ಮೊದಲೇ 32 ಬಿಟ್ ಅನ್‌ಸೈನ್ಡ್‌ಗೆ ಕಾಸ್ಟ್ ಮಾಡಿ.

ಜಾಗದ ಲೆಕ್ಕ: ಲಿನಕ್ಸ್‌ನಲ್ಲಿ ಡಬ್ಲ್ಯು-ಚಾರ್ ಸಂಖ್ಯೆಯ ನಾಲ್ಕು ಪಟ್ಟು ಮತ್ತೊಂದು. ವಿಂಡೋಸ್‌ನಲ್ಲಿ ಮೂರು ಪಟ್ಟು ಮತ್ತೊಂದು ಸಾಕು, ಏಕೆಂದರೆ 4 ಬೈಟ್ ಆಗುವ ಅಕ್ಷರ ಅಲ್ಲಿ ಎರಡು ತುಂಡಾಗಿ ಬರುತ್ತದೆ. ಗುಣಿಸುವ ಮೊದಲು ಓವರ್‌ಫ್ಲೋ ನೋಡಿಕೊಳ್ಳಿ.

ಬಳಕೆದಾರರ ಲೊಕೇಲ್ ಯಾವುದೋ ಅದಕ್ಕೇ ಬದಲಾಯಿಸಬೇಕು, ಅಥವಾ ಹಳೆಯ ಕೋಡ್ ತುಂಬಾ ಇದೆ, ಮುಟ್ಟುವ ಹಾಗಿಲ್ಲ ಅಂದರೆ ಪೊಸಿಕ್ಸ್‌ನ ಯೂಸ್‌ಲೊಕೇಲ್ ಇದೆ. ಪ್ರೋಗ್ರಾಂ ಶುರುವಿನಲ್ಲಿ ಒಂದೇ ಸಲ ನ್ಯೂಲೊಕೇಲ್‌ನಿಂದ ಬೇಕಾದ ಲೊಕೇಲ್ ಮಾಡಿಕೊಳ್ಳಿ, ನಲ್ ಬಂತಾ ನೋಡಿ. ಕನ್ವರ್ಷನ್‌ಗೆ ಮುಂಚೆ ಯೂಸ್‌ಲೊಕೇಲ್‌ಗೆ ಅದನ್ನು ಕೊಟ್ಟರೆ ಈ ಥ್ರೆಡ್‌ಗೆ ಮಾತ್ರ ಅದು ಲಾಗೂ ಆಗುತ್ತದೆ. ಅದು ಕೊಡುವ ಹಳೆಯದನ್ನು ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ವಾಪಸ್ ಹಾಕಿ, ಎರರ್ ಆಗಿ ಬೇಗ ಹೊರಬರುವ ದಾರಿಯಲ್ಲೂ ಹಾಕಿ. ಎರ್‌ನೋ ಬೇಕಿದ್ದರೆ ವಾಪಸ್ ಹಾಕುವ ಮುಂಚೆಯೇ ನಕಲು ಮಾಡಿಕೊಳ್ಳಿ. ಹೊಸ ಥ್ರೆಡ್ ಹುಟ್ಟಿದಾಗ ತನ್ನನ್ನು ಹುಟ್ಟಿಸಿದ ಥ್ರೆಡ್‌ನ ಲೊಕೇಲ್ ತೆಗೆದುಕೊಳ್ಳುವುದಿಲ್ಲ, ಗ್ಲೋಬಲ್ ಲೊಕೇಲ್‌ನಲ್ಲೇ ಶುರುವಾಗುತ್ತದೆ. ಥ್ರೆಡ್ ಪೂಲ್ ಇದ್ದರೆ ಪ್ರತಿ ವರ್ಕರ್‌ನ ಮೊದಲ ಸಾಲಿನಲ್ಲೇ ಇದನ್ನು ಮಾಡಿ. ಫ್ರೀಲೊಕೇಲ್ ಕರೆಯುವುದು ಎಲ್ಲ ಥ್ರೆಡ್ ಮುಗಿದ ಮೇಲೆ.

ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಫಂಕ್ಷನ್ ಕೂಡ ಒಳ್ಳೆಯ ದಾರಿ. ಅಲ್ಲಿ ಎನ್‌ಕೋಡಿಂಗ್ ಹೆಸರು ನೀವೇ ಹೇಳುತ್ತೀರಿ, ಲೊಕೇಲ್‌ನ ಹಂಗಿಲ್ಲ. ಆದರೆ ಐಕಾನ್ವ್-ಓಪನ್ ಕೊಡುವ ಡಿಸ್ಕ್ರಿಪ್ಟರ್ ಅನ್ನು ಇಬ್ಬರು ಥ್ರೆಡ್‌ಗಳು ಒಟ್ಟಿಗೆ ಬಳಸುವಂತಿಲ್ಲ, ಥ್ರೆಡ್‌ಗೊಂದು ತೆರೆಯಿರಿ.

ವಿಂಡೋಸ್‌ನಲ್ಲಿ ಸಿ ಲೈಬ್ರರಿ ಬಿಟ್ಟು ವೈಡ್‌ಚಾರ್-ಟು-ಮಲ್ಟಿಬೈಟ್ ಬಳಸಿ, ಕೋಡ್‌ಪೇಜ್ ಜಾಗದಲ್ಲಿ 65001 ಕೊಡಿ, ಅದು ಯುಟಿಎಫ್-8. ಸಿಪಿ-ಎಸಿಪಿ, ಅಂದರೆ ಆ ಮಷೀನ್‌ನ ಹಳೆಯ ಆನ್ಸಿ ಕೋಡ್‌ಪೇಜ್, ಕೊಡಬೇಡಿ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್‌ಪೇಜ್ ಇಲ್ಲವೇ ಇಲ್ಲ (57008 ಅಂತ, ಭಾರತೀಯ ಲಿಪಿಗಳ ಹಳೆಯ ಎನ್‌ಕೋಡಿಂಗ್ ಆದ ಇಸ್ಕಿಯದ್ದು ಒಂದಿದೆ, ಅದರ ಕಥೆ ಬೇರೆ), ಹಾಗಾಗಿ ಆನ್ಸಿಗೆ ಬದಲಾಯಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬರುತ್ತವೆ, ಎರರ್ ಕೂಡ ಬರುವುದಿಲ್ಲ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳ ಪ್ರಿಂಟ್‌ನಲ್ಲಿ ಗ್ರಾಹಕರ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನೆ ಚಿಹ್ನೆ ನೋಡಿರುತ್ತೀರಿ, ಅದು ಹೀಗೂ ಆಗಿರಬಹುದು. 65001 ಕೊಟ್ಟಾಗ ಕೊನೆಯ ಎರಡು ಆರ್ಗ್ಯುಮೆಂಟ್ ನಲ್ ಇರಲೇಬೇಕು. ಕೆಟ್ಟ ಸರೊಗೇಟ್ ಸಿಕ್ಕರೆ ಎರರ್ ಬೇಕು ಅಂದರೆ ಡಬ್ಲ್ಯುಸಿ-ಎರ್-ಇನ್‌ವ್ಯಾಲಿಡ್-ಚಾರ್ಸ್ ಫ್ಲ್ಯಾಗ್ ಹಾಕಿ, ಹಾಕದಿದ್ದರೆ 65533ನೇ ಬದಲಿ ಚಿಹ್ನೆ ಇಟ್ಟು ಮುಂದೆ ಹೋಗುತ್ತದೆ. ಉದ್ದದ ಜಾಗದಲ್ಲಿ -1 ಕೊಟ್ಟರೆ ಸೊನ್ನೆಯನ್ನೂ ಸೇರಿಸಿ ಎಣಿಸುತ್ತದೆ. ಉದ್ದ ನೀವೇ ಹೇಳಿದರೆ ಅಷ್ಟನ್ನೇ ಬದಲಾಯಿಸುತ್ತದೆ, ಸೊನ್ನೆಯ ಜವಾಬ್ದಾರಿ ನಿಮ್ಮದು. ಇಲ್ಲಿ ಸೋಲು ಅಂದರೆ 0, -1 ಅಲ್ಲ.

ಟೆಸ್ಟ್ ಮಾಡುವುದು

‘ಕನ್ನಡ’, ಒಂದು ಎಮೋಜಿ, ಒಂಟಿ 55296, ಖಾಲಿ ಸ್ಟ್ರಿಂಗ್, ಇಷ್ಟು ಇನ್‌ಪುಟ್ ಇಟ್ಟುಕೊಳ್ಳಿ. ಬಫರ್ ಅಳತೆಯನ್ನು 0ರಿಂದ 20ರವರೆಗೆ ಒಂದೊಂದೇ ಏರಿಸಿ. ಪ್ರತಿ ಸಲ ಬಫರ್‌ಗೆ ಮೊದಲು ಪೂರ್ತಿ 255 ತುಂಬಿ, ಆಮೇಲೆ ಕರೆಯಿರಿ. ಯುಟಿಎಫ್-8ರಲ್ಲಿ 255 ಬರುವುದೇ ಇಲ್ಲ, ಹಾಗಾಗಿ ಯಾವ ಬೈಟ್ ಬರೆದದ್ದು, ಯಾವುದು ಬರೆಯದೇ ಬಿಟ್ಟದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಬಫರ್ ಅನ್ನು ಮ್ಯಾಲಕ್‌ನಲ್ಲಿ ತೆಗೆದುಕೊಂಡು ಅಡ್ರೆಸ್ ಸ್ಯಾನಿಟೈಸರ್ (ಬಫರ್ ದಾಟುವುದನ್ನು ಹಿಡಿಯುವ ಕಂಪೈಲರ್ ಸಾಧನ) ಹಾಕಿ, ಫಲಿತಾಂಶಕ್ಕೆ ಸ್ಟ್ರ್‌ಲೆನ್ ಕರೆದು ಓಡಿಸಿದರೆ 10 ಬೈಟ್‌ನ ಆ ಗುಂಡಿ ತಾನಾಗಿಯೇ ಹೊರಬೀಳುತ್ತದೆ. ಇಡೀ ಟೆಸ್ಟ್ ಅನ್ನು ಎಲ್‌ಸಿ-ಆಲ್ ವೇರಿಯಬಲ್‌ಗೆ ‘ಸಿ’ ಕೊಟ್ಟು ಇನ್ನೊಮ್ಮೆ ಓಡಿಸಿ.

ಥ್ರೆಡ್‌ಗೆ ಥ್ರೆಡ್ ಸ್ಯಾನಿಟೈಸರ್ ಒಂದನ್ನೇ ನಂಬಬೇಡಿ. ನಿಮ್ಮ ಸಿ ಲೈಬ್ರರಿ ಅದಕ್ಕಾಗಿ ಇನ್‌ಸ್ಟ್ರುಮೆಂಟ್ ಆಗಿರುವುದಿಲ್ಲ, ಅದರೊಳಗಿನ ಸ್ಟ್ಯಾಟಿಕ್‌ನ ರೇಸ್ ಅದಕ್ಕೆ ಕಾಣದೇ ಹೋಗಬಹುದು. ಅದರ ಬದಲು ಒಂದು ಥ್ರೆಡ್‌ನಲ್ಲಿ ಬೇಕಂತಲೇ ಸೆಟ್‌ಲೊಕೇಲ್‌ನಿಂದ ‘ಸಿ’ ಮತ್ತು ‘ಸಿ ಡಾಟ್ ಯುಟಿಎಫ್-8’ ನಡುವೆ ಲೂಪ್‌ನಲ್ಲಿ ಬದಲಿಸುತ್ತಾ ಇರಿ, ಉಳಿದ ಏಳೆಂಟು ಥ್ರೆಡ್‌ಗಳು ‘ಕನ್ನಡ’ವನ್ನು ಬದಲಾಯಿಸುತ್ತಾ 15 ಬೈಟ್ ಬಂತಾ ಅಂತ ನೋಡುತ್ತಿರಲಿ. ಇದು ಟೆಸ್ಟ್‌ಗೆ ಮಾತ್ರ, ಪ್ರೊಡಕ್ಷನ್‌ಗೆ ಹೋಗುವ ಬೈನರಿಯಲ್ಲಿ ಬೇಡ. ಸ್ವಂತ ಎನ್‌ಕೋಡರ್ ಆಗಿದ್ದರೆ ರಾತ್ರಿಯಿಡೀ ಓಡಿಸಿದರೂ ಒಂದೂ ಸೋಲಬಾರದು. ಸೋತರೆ ಎಲ್ಲೋ ಒಂದು ಹಳೆಯ ಕರೆ ಉಳಿದಿದೆ ಅಂತ ಅರ್ಥ. ಗ್ರೆಪ್ ಮಾಡುವಾಗ ಪರ್ಸೆಂಟ್ ಎಲ್‌ಎಸ್ ಅನ್ನೂ ಸೇರಿಸಿ ಹುಡುಕಿ.